ಎದೆನೋವು ಬಂದಾಗ ನಾಲಿಗೆ ಕೆಳಗೆ ಮಾತ್ರೆ ಇಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ ಶುಗರ್, ಬಿ.ಪಿ. ಎರಡೂ ಇವೆ. ನಾವಿರುವುದು ಹಳ್ಳಿಯಲ್ಲಿ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್, ಜೊತೆಗೆ ಆಸ್ಪಿರಿನ್ ಇರುವ ‘ಹಾರ್ಟ್ ಅಟ್ಯಾಕ್ ಕಿಟ್’ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಆಂಬುಲೆನ್ಸ್‌ನವರು ಕೊಡುವುದೂ ಇವೇ ಮಾತ್ರೆ ಅಲ್ವಾ? ನಾವೇ ಕೊಟ್ಟರೆ ಏನು ತಪ್ಪು?

ಉತ್ತರ: ಆಸ್ಪಿರಿನ್ ಇಟ್ಟುಕೊಳ್ಳಿ. ಸಾರ್ಬಿಟ್ರೇಟನ್ನು ಡಾಕ್ಟರ್ ನಿಮ್ಮ ತಂದೆಗೆ ಅಂತಲೇ ಬರೆದುಕೊಟ್ಟಿದ್ದರೆ ಮಾತ್ರ ಕೊಡಿ. ಇವೆರಡಕ್ಕೂ ಮೊದಲು 108ಕ್ಕೆ ಫೋನ್ ಮಾಡಿ. ಮಾತ್ರೆ ಕೊಟ್ಟು, ‘ಸ್ವಲ್ಪ ಹೊತ್ತು ನೋಡೋಣ’ ಅಂತ ಕೂತುಬಿಡುವುದೇ ದೊಡ್ಡ ಅಪಾಯ.

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಹಬ್ಬಿದಾಗ ಜನ ಹೆದರಿ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತಿದ್ದರು. ಭಯ ಇದ್ದಾಗ ಕಿಟ್ ಮೆಸೇಜ್‌ಗಳ ಮೇಲೆ ಬೇಗ ನಂಬಿಕೆ ಬರುತ್ತದೆ. ಅದರಲ್ಲಿರುವ ಮಾತ್ರೆಗಳು ಸುಳ್ಳಲ್ಲ. ಆದರೆ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ.

ಮೊದಲು ಆಸ್ಪಿರಿನ್. ಹಾರ್ಟ್ ಅಟ್ಯಾಕ್ ಆಗುವಾಗ ಹೃದಯಕ್ಕೆ ರಕ್ತ ಕೊಡುವ ನಾಳದ ಒಳಗೆ ಕೊಬ್ಬಿನ ಪದರ ಒಡೆಯುತ್ತದೆ. ಆ ಜಾಗಕ್ಕೆ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು) ಬಂದು ಅಂಟಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಸ್ಪಿರಿನ್ ಈ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ. ಆಗಲೇ ಆಗಿರುವ ಹೆಪ್ಪನ್ನು ಕರಗಿಸುವುದಿಲ್ಲ, ಅದು ಬೆಳೆಯದಂತೆ ಹಿಡಿಯುತ್ತದೆ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಪಡೆದವರಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳಗಳ ಕಾರಣದಿಂದ ಆದ ಸಾವು ಶೇ. 23ರಷ್ಟು ಕಡಿಮೆ ಇತ್ತು. ಇಷ್ಟು ಅಗ್ಗದ ಮಾತ್ರೆಯೊಂದು ಇಷ್ಟು ಜೀವ ಉಳಿಸುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಕೊಡುವ ಕ್ರಮ ಮುಖ್ಯ. ಸುಮಾರು 300 ಮಿ.ಗ್ರಾಂ ಬೇಕು, ಮತ್ತು ಅದನ್ನು ಅಗಿಯಬೇಕು. ನಮ್ಮಲ್ಲಿ ಬಹಳ ಜನರ ಮನೆಯಲ್ಲಿರುವುದು 75 ಮಿ.ಗ್ರಾಂನ ಇಕೋಸ್ಪ್ರಿನ್ ಎಂಬ ಆಸ್ಪಿರಿನ್ ಮಾತ್ರೆ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಅಂತ ಅದಕ್ಕೆ ಒಂದು ಲೇಪ ಇರುತ್ತದೆ. ಹಾಗೇ ನುಂಗಿದರೆ ಕೆಲಸ ಶುರುವಾಗುವುದು ತಡ. ನಾಲ್ಕು ಮಾತ್ರೆಯನ್ನು ಚೆನ್ನಾಗಿ ಅಗಿದು ನುಂಗಿದರೆ ಲೇಪ ಒಡೆದು ಔಷಧ ಬೇಗ ರಕ್ತಕ್ಕೆ ಸೇರುತ್ತದೆ. ಆದರೆ ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಹುಣ್ಣಿನಿಂದ ಅಥವಾ ಬೇರೆಲ್ಲಾದರೂ ರಕ್ತ ಹೋಗುತ್ತಿರುವವರಿಗೆ ಕೊಡಬೇಡಿ. ಮಾತು ತೊದಲುತ್ತಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು, ಆಗಲೂ ಬೇಡ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಮುಂದಿನ ಸಲ ಶುಗರ್ ತೋರಿಸಲು ಹೋದಾಗ ‘ಅಪ್ಪನಿಗೆ ಆಸ್ಪಿರಿನ್ ಆಗುತ್ತಾ?’ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಸಾರ್ಬಿಟ್ರೇಟ್. ಜನರಿಗೆ ಜಾಸ್ತಿ ಭರವಸೆ ಇರುವುದು ಇದರ ಮೇಲೆ, ಗೊಂದಲ ಇರುವುದೂ ಇಲ್ಲೇ. ಇದು ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಹೃದಯದ ಮೇಲಿನ ಹೊರೆ ಇಳಿದು ನೋವು ತಗ್ಗುತ್ತದೆ. ಆದರೆ ಹೆಪ್ಪುಗಟ್ಟಿದ ರಕ್ತ ಅಲ್ಲೇ ಇರುತ್ತದೆ. ನೋವು ಹೋಗಿದೆ, ಹೃದಯದ ಸ್ನಾಯು ಸಾಯುತ್ತಲೇ ಇದೆ ಅನ್ನುವ ಸ್ಥಿತಿ ಬರಬಹುದು. ಮಾತ್ರೆ ಇಟ್ಟಾಗ ನೋವು ಹೋಯಿತು ಅಂತ ಅದು ಹಾರ್ಟ್ ಅಟ್ಯಾಕೇ ಅಂತ ಹೇಳಲಾಗದು, ಹೋಗಲಿಲ್ಲ ಅಂತ ಅದು ಬರೀ ಗ್ಯಾಸ್ಟ್ರಿಕ್ ಅಂತಲೂ ಹೇಳಲಾಗದು.

ಇದರ ಜೊತೆಗೆ ಬಿ.ಪಿ. ಬೀಳುತ್ತದೆ. ಮೇಲಿನ ಬಿ.ಪಿ. 90ಕ್ಕಿಂತ ಕಡಿಮೆ ಇರುವವರಿಗೆ ಇದನ್ನು ಕೊಡಬಾರದು. ಕೆಲವು ಹಾರ್ಟ್ ಅಟ್ಯಾಕ್‌ಗಳು ಹೃದಯದ ಬಲಭಾಗಕ್ಕೆ ಆಗುತ್ತವೆ. ಅಂಥವರಲ್ಲಿ ಹೃದಯಕ್ಕೆ ವಾಪಸ್ ಬರುವ ರಕ್ತವೇ ಆಧಾರ. ಅದನ್ನೂ ಈ ಮಾತ್ರೆ ಕಡಿಮೆ ಮಾಡಿದರೆ ರೋಗಿ ಅಲ್ಲೇ ಕುಸಿಯಬಹುದು. ಯಾವ ಭಾಗಕ್ಕೆ ಏಟು ಬಿದ್ದಿದೆ ಅಂತ ಇಸಿಜಿ ತೆಗೆಯದೆ ಹೇಳುವುದು ಕಷ್ಟ. ಇನ್ನೊಂದು ಸಂಗತಿ ಮನೆಯವರಿಗೆ ಗೊತ್ತೇ ಇರುವುದಿಲ್ಲ: ಗಂಡಸರು ಲೈಂಗಿಕ ಶಕ್ತಿಗೆ ತೆಗೆದುಕೊಳ್ಳುವ ಮಾತ್ರೆ. ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವ ತನಕ ಸಾರ್ಬಿಟ್ರೇಟ್ ಮುಟ್ಟಬಾರದು. ಎರಡೂ ಸೇರಿದರೆ ಬಿ.ಪಿ. ಪಾತಾಳಕ್ಕೆ ಇಳಿಯುತ್ತದೆ. ಆಂಬುಲೆನ್ಸ್‌ನವರು ಇದನ್ನು ಕೊಡುವ ಮೊದಲು ಬಿ.ಪಿ. ನೋಡುವುದು, ಪ್ರಶ್ನೆ ಕೇಳುವುದು, ಸಾಧ್ಯವಿದ್ದರೆ ಇಸಿಜಿ ತೆಗೆಯುವುದು ಇದಕ್ಕೇ.

ಮೊದಲೇ ಆಂಜೈನಾ (ಹೃದಯದ ನಾಳ ಕಿರಿದಾಗಿ ಆಗಾಗ ಬರುವ ಎದೆನೋವು) ಇದ್ದು, ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತು ಬೇರೆ. ಅಂಥವರನ್ನು ಕೂರಿಸಿ ಮಾತ್ರೆ ಇಡಿ. ನಿಂತಿದ್ದರೆ ತಲೆ ತಿರುಗಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ಮತ್ತೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕೆಲವು ಕಿಟ್‌ಗಳಲ್ಲಿ ಕೊಲೆಸ್ಟ್ರಾಲ್ ಮಾತ್ರೆಯೂ ಇರುತ್ತದೆ. ಅದು ದೀರ್ಘಕಾಲಕ್ಕೆ ಒಳ್ಳೆಯದು, ಆ ಹತ್ತು ನಿಮಿಷಕ್ಕಲ್ಲ.

ಆಂಬುಲೆನ್ಸ್‌ನಲ್ಲಿ ಇನ್ನೇನಿರುತ್ತದೆ? ಆಕ್ಸಿಜನ್ ಇರುತ್ತದೆ. ‘ಮೊದಲು ಆಕ್ಸಿಜನ್ ಹಾಕಿ’ ಅಂತ ಮನೆಯವರು ಜಗಳಕ್ಕೇ ನಿಲ್ಲುತ್ತಾರೆ. ರಕ್ತದಲ್ಲಿ ಆಮ್ಲಜನಕ ಶೇ. 90ಕ್ಕಿಂತ ಮೇಲಿದ್ದರೆ ಅದರಿಂದ ಲಾಭವಿಲ್ಲ ಅಂತ ಸ್ವೀಡನ್ನಿನಲ್ಲಿ 6,629 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದ್ದರಿಂದ ಅವರು ಹಾಕದಿದ್ದರೆ ಅದು ನಿರ್ಲಕ್ಷ್ಯ ಅಲ್ಲ. ಐಸಿಯು ಥರದ ಸಲಕರಣೆ ಇರುವ ದೊಡ್ಡ ಆಂಬುಲೆನ್ಸ್‌ಗಳಲ್ಲಿ ಬಡಿತ ತೀರಾ ನಿಧಾನವಾದರೆ ಅಟ್ರೋಪಿನ್, ದಾರಿ ತಪ್ಪಿದ ಬಡಿತಕ್ಕೆ ಅಮಿಯೋಡರೋನ್, ಹೃದಯ ನಿಂತೇಹೋದರೆ ಅಡ್ರಿನಲಿನ್ ಇಂಜೆಕ್ಷನ್ ಇರುತ್ತವೆ.

ಅಡ್ರಿನಲಿನ್ ಬಗ್ಗೆ ಸಿನಿಮಾ ನೋಡಿ ನಮಗೆ ದೊಡ್ಡ ಕಲ್ಪನೆ ಇದೆ. ಬ್ರಿಟನ್ನಿನಲ್ಲಿ 8,014 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಅಡ್ರಿನಲಿನ್ ಪಡೆದ ಶೇ. 3.2 ಮಂದಿ 30 ದಿನ ಬದುಕಿದರು. ಪಡೆಯದವರಲ್ಲಿ ಶೇ. 2.4. ಬದುಕಿದವರಲ್ಲಿ ಮೆದುಳಿಗೆ ತೀವ್ರ ಹಾನಿಯಾದವರೂ ಅಡ್ರಿನಲಿನ್ ಗುಂಪಿನಲ್ಲೇ ಜಾಸ್ತಿ. ಹೃದಯ ನಿಂತ ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪಕ್ಕದಲ್ಲಿರುವವರ ಎರಡು ಕೈ. ಪ್ರಜ್ಞೆ ಇಲ್ಲ, ಉಸಿರಾಟ ಸರಿಯಿಲ್ಲ ಅಂದರೆ ಎದೆಯ ನಡುವೆ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ.

ಹಾರ್ಟ್ ಅಟ್ಯಾಕ್‌ನ ಹೆಪ್ಪನ್ನು ನಿಜವಾಗಿ ಕರಗಿಸುವ ಔಷಧ ಬೇರೆಯೇ ಇದೆ: ಟೆನೆಕ್ಟೆಪ್ಲೇಸ್. ತೂಕ ನೋಡಿ ಒಂದೇ ಸಲಕ್ಕೆ ಕೊಡುವ ಇಂಜೆಕ್ಷನ್. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ಈ ಇಂಜೆಕ್ಷನ್ ತಾಲೂಕು ಆಸ್ಪತ್ರೆಗಳಲ್ಲಿ ಉಚಿತ. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಹಳ್ಳಿಯಲ್ಲಿರುವ ನಿಮಗೆ ಕಿಟ್‌ಗಿಂತ ಇದು ಮುಖ್ಯ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನ್ ಹಾಕಿ ತೆರೆಯುವ ಚಿಕಿತ್ಸೆ) ಆಗುವ ಕಡೆ ತಲುಪಬಹುದಾದರೆ ಅಲ್ಲಿಗೇ ಹೋಗಿ. ಇಲ್ಲದಿದ್ದರೆ ‘ಸರ್ಕಾರಿ ಆಸ್ಪತ್ರೆ ಬೇಡ’ ಅಂತ ತಾಲೂಕು ಆಸ್ಪತ್ರೆ ದಾಟಿಕೊಂಡು ಬೆಂಗಳೂರಿಗೆ ಕಾರು ಓಡಿಸಬೇಡಿ. ಇಂಜೆಕ್ಷನ್ ಮೊದಲ ಎರಡು ಮೂರು ಗಂಟೆಯಲ್ಲಿ ಸಿಕ್ಕರೆ ಲಾಭ ಜಾಸ್ತಿ, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ತಾಲೂಕಿನಲ್ಲಿ ಅದು ಇದೆಯಾ ಅಂತ ಇವತ್ತೇ ವಿಚಾರಿಸಿ.

ಶುಗರ್ ಇರುವವರಲ್ಲಿ ಎದೆನೋವೇ ಬರದಿರಬಹುದು. ಬರೀ ಬೆವರು, ಏದುಸಿರು, ವಾಂತಿ, ದವಡೆ ನೋವು, ಕಾರಣವಿಲ್ಲದ ಸುಸ್ತು. ಈನೋ, ಸೋಡಾ, ಜೀರಿಗೆ ನೀರು ಕುಡಿಸುತ್ತಾ ಗಂಟೆಗಟ್ಟಲೆ ಕಳೆದುಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಆಂಬುಲೆನ್ಸ್ ಬಂದಾಗ ಹೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ: ತೊಂದರೆ ಶುರುವಾದ ಸಮಯ, ಕೊಟ್ಟ ಮಾತ್ರೆ ಮತ್ತು ಕೊಟ್ಟ ಗಂಟೆ, ದಿನಾ ತೆಗೆದುಕೊಳ್ಳುವ ಔಷಧಗಳು, ಅಲರ್ಜಿ. ಹಿಂದೆ ಪಾರ್ಶ್ವವಾಯು ಆಗಿತ್ತಾ, ಮೆದುಳಲ್ಲಿ ರಕ್ತಸ್ರಾವ ಆಗಿತ್ತಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ ಅನ್ನುವುದನ್ನೂ ಸೇರಿಸಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾ ಬೇಡವಾ ಅಂತ ಆಸ್ಪತ್ರೆಯವರು ತೀರ್ಮಾನಿಸುವುದು ಇವುಗಳ ಮೇಲೆ. ಸಿಲ್ಡೆನಾಫಿಲ್ ಥರದ ಮಾತ್ರೆಯ ವಿಷಯ ತಂದೆ ಮಕ್ಕಳ ಮುಂದೆ ಹೇಳಲಾರರು. ಆ ಪ್ರಶ್ನೆ ಬರುವಾಗ ನೀವು ಎರಡು ನಿಮಿಷ ಹೊರಗೆ ನಿಲ್ಲಿ.