ರಾಮೆಸ್ಸಿಯಮ್ ಅಡಿಯ ಮಂತ್ರದ ಪೆಟ್ಟಿಗೆ

ಈಜಿಪ್ಟಿನ ಲಕ್ಸರ್ ನಗರದ ಎದುರು, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಎರಡನೇ ರಾಮ್ಸೆಸ್ ಕಟ್ಟಿಸಿದ ರಾಮೆಸ್ಸಿಯಮ್ ದೇಗುಲದ ಅವಶೇಷಗಳಿವೆ. ಅಲ್ಲಿಗೆ ಹೋದವರ ಕಣ್ಣು ಮೊದಲು ನೆಡುವುದು ಉರುಳಿಬಿದ್ದ ಅರಸನ ದೈತ್ಯ ವಿಗ್ರಹದ ಮೇಲೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ದೇಗುಲದ ಹಿಂಬದಿಯ ಹಸಿ ಇಟ್ಟಿಗೆಯ ಉಗ್ರಾಣಗಳು. 1895–96ರ ಚಳಿಗಾಲದಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಜೇಮ್ಸ್ ಕ್ವಿಬೆಲ್ ಅವುಗಳ ಅಡಿಯನ್ನು ಅಗೆಸಿದಾಗ ಬಾವಿಯಂತೆ ಇಳಿಯುವ ಒಂದು ಸಮಾಧಿ ಸಿಕ್ಕಿತು. ಅದು ದೇಗುಲಕ್ಕಿಂತ ನಾಲ್ಕೈದು ಶತಮಾನ ಹಳೆಯದು. ರಾಮ್ಸೆಸನ ಕೆಲಸಗಾರರು ಅದರ ನೆತ್ತಿಯ ಮೇಲೆಯೇ ಗೋಡೆ ಎಬ್ಬಿಸಿದ್ದರು.

ಬಾವಿಯ ತಳದ ಕಸದ ನಡುವೆ ಒಂದು ಮರದ ಪೆಟ್ಟಿಗೆ ಬಿದ್ದಿತ್ತು. ಉದ್ದ ಸುಮಾರು 45 ಸೆಂಟಿಮೀಟರ್. ಮುಚ್ಚಳದ ಮೇಲೆ ಮಸಿಯಲ್ಲಿ ಬರೆದ ನರಿಯ ಚಿತ್ರ. ಒಳಗೆ ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಬರೆದ ಸುರುಳಿಗಳು, ಜೊಂಡಿನ ಲೇಖನಿಗಳ ಒಂದು ಕಟ್ಟು. ಸುತ್ತಮುತ್ತ ಚೆಲ್ಲಿದ್ದ ವಸ್ತುಗಳೂ ವಿಚಿತ್ರವಾಗಿದ್ದವು: ಕೂದಲಿನ ಗಂಟಿನಲ್ಲಿ ಸಿಕ್ಕಿಕೊಂಡಿದ್ದ ಕಂಚಿನ ನಾಗರಹಾವು, ಸಿಂಹದ ಮುಖವಾಡ ತೊಟ್ಟು ಎರಡು ಕೈಗಳಲ್ಲೂ ಹಾವು ಹಿಡಿದ ಮರದ ಹೆಣ್ಣುಗೊಂಬೆ, ಮಣಿಗಳು, ದಂತದ ಬಾಗಿದ ಪಟ್ಟಿಗಳು. ಅಂದಿನಿಂದ ಇದಕ್ಕೆ ‘ಮಂತ್ರವಾದಿಯ ಸಮಾಧಿ’ ಎಂಬ ಹೆಸರು ಅಂಟಿಕೊಂಡಿತು.

ಆ ದಂತದ ಪಟ್ಟಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಂಥವು ಆ ಕಾಲದ ಈಜಿಪ್ಟಿನ ಬೇರೆ ಕಡೆಗಳಲ್ಲೂ ದೊರೆತಿವೆ. ಅವು ಆನೆಯ ದಂತದವಲ್ಲ, ನೀರಾನೆಯವು. ನೀರಾನೆಯ ಕೆಳದವಡೆಯ ಕೋರೆಹಲ್ಲು ಹುಟ್ಟಿನಿಂದಲೇ ಬಾಗಿರುತ್ತದೆ. ಅದನ್ನು ಉದ್ದಕ್ಕೆ ಸೀಳಿದರೆ ಬಿಲ್ಲಿನಾಕಾರ ತಾನಾಗಿ ಸಿಗುತ್ತದೆ. ದೋಣಿಯನ್ನೇ ಮಗುಚಬಲ್ಲ, ಮರಿಯ ತಂಟೆಗೆ ಬಂದವರನ್ನು ಬಿಡದ ಪ್ರಾಣಿಯ ಹಲ್ಲು ಬಾಣಂತಿಯ ಕಾವಲಿಗೆ ಒದಗಿದ್ದರಲ್ಲಿ ಆಶ್ಚರ್ಯವಿಲ್ಲ. ಹೆರಿಗೆಯನ್ನು ಕಾಯುವ ತವೆರೆತ್ ದೇವಿಯ ರೂಪವೂ ನೀರಾನೆಯದೇ. ಪಟ್ಟಿಗಳ ಮೇಲೆ ಚೂರಿ ಹಿಡಿದ ಪ್ರಾಣಿಗಳು, ಸಿಂಹಗಳು, ಹಾವುಗಳ ಮೆರವಣಿಗೆ ಕೆತ್ತಿರುತ್ತಾರೆ. ಕೆಲವದರಲ್ಲಿ ತಾಯಿ, ಮಗುವಿನ ಹೆಸರೂ ಇದೆ. ಹಲವು ಪಟ್ಟಿಗಳ ತುದಿ ಒಂದೇ ಕಡೆ ಸವೆದಿರುವುದರಿಂದ, ಹಾಸಿಗೆಯ ಸುತ್ತ ನೆಲದಲ್ಲಿ ರಕ್ಷಣೆಯ ಗೆರೆ ಎಳೆಯಲು ಇವನ್ನು ಬಳಸುತ್ತಿದ್ದಿರಬೇಕು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಹಾವು, ಚೇಳುಗಳು ಮನೆಯೊಳಗೇ ಹರಿದಾಡುತ್ತಿದ್ದ ನಾಡಿನಲ್ಲಿ ಆ ಭಯ ಕಾಲ್ಪನಿಕವಾಗಿರಲಿಲ್ಲ.

ಸುರುಳಿಗಳ ಪಾಡು ಬೇರೆ. ಒಣಹವೆಯಲ್ಲಿ ಪಪೈರಸ್ ಸಾವಿರಾರು ವರ್ಷ ಬಾಳುತ್ತದೆ. ತೇವ ತಗುಲಿತೋ, ಅದರ ಸೆಲ್ಯುಲೋಸ್ ಸೂಕ್ಷ್ಮಜೀವಿಗಳ ಪಾಲು. ಇವು ಮುಟ್ಟಿದರೆ ಪುಡಿಯಾಗುವಷ್ಟು ಜೀರ್ಣವಾಗಿದ್ದವು. ಜರ್ಮನಿಯ ಸಂರಕ್ಷಕ ಹ್ಯೂಗೊ ಇಬ್ಷರ್ ಅವನ್ನು ಚೂರುಚೂರಾಗಿಯೇ ಬಿಡಿಸಿ ಉಳಿಸಿಕೊಟ್ಟರು. ಓದಿದಾಗ ಹೊರಬಂದದ್ದು ಬರೀ ಮಂತ್ರವಲ್ಲ. ಹಾವು ಅಟ್ಟುವ, ತಲೆನೋವು ಓಡಿಸುವ ಮಂತ್ರಗಳ ಜೊತೆಗೆ ಬಿಗಿದ ಕೈಕಾಲುಗಳನ್ನು ಸಡಿಲಿಸುವ ಲೇಪಗಳಿದ್ದವು. ಬಸುರಿಯರ, ಹಸುಗೂಸುಗಳ ಚಿಕಿತ್ಸೆಯಿತ್ತು. ಮೊಸಳೆ ದೇವರು ಸೊಬೆಕ್‌ನ ಸ್ತೋತ್ರಗಳಿದ್ದವು. ಪರದೇಶಕ್ಕೆ ಓಡಿಹೋದ ಆಸ್ಥಾನಿಕ ಸಿನುಹೆಯ ಕಥೆ, ಅನ್ಯಾಯಕ್ಕೊಳಗಾಗಿ ಅಧಿಕಾರಿಯ ಮುಂದೆ ವಾದಿಸುವ ರೈತನ ಕಥೆಗಳೂ ಅಲ್ಲಿದ್ದವು. ನನಗೆ ಅತಿ ಪ್ರಿಯವಾದ ಸುರುಳಿ ಇನ್ನೊಂದಿದೆ: ಒಂದು ಬದಿಯಲ್ಲಿ ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾ ನಾಡಿನ ಗಡಿಯ ಕೋಟೆಗಳಿಂದ ಬಂದ ಸರ್ಕಾರಿ ವರದಿಗಳು, ಹಿಂಬದಿಯ ಖಾಲಿ ಜಾಗದಲ್ಲಿ ಮಂತ್ರಗಳು! ಪಪೈರಸ್ ಅಗ್ಗದ ವಸ್ತುವಾಗಿರಲಿಲ್ಲ. ರದ್ದಿಯಾದ ಕಡತವನ್ನೂ ಆ ಪುಣ್ಯಾತ್ಮರು ಬಿಡಲಿಲ್ಲ.

ಹಾಗಾದರೆ ಇಲ್ಲಿ ಮಲಗಿದ್ದವರು ಮಂತ್ರವಾದಿಯೇ? ಈಜಿಪ್ಟಿನವರು ‘ಹೆಕಾ’ ಎಂದು ಕರೆದ ಮಾಂತ್ರಿಕ ಶಕ್ತಿ ಕದ್ದುಮುಚ್ಚಿ ನಡೆಸುವ ವಿದ್ಯೆಯಲ್ಲ. ದೇಗುಲದ ಪುರೋಹಿತನೂ ವೈದ್ಯನೂ ಅದನ್ನು ಹಗಲಿನಲ್ಲೇ ಬಳಸುತ್ತಿದ್ದರು. ಲೇಪ ಹಚ್ಚುವ ಕೈ, ಮಂತ್ರ ಹೇಳುವ ಬಾಯಿ ಬಹಳ ಸಲ ಒಬ್ಬರದೇ. ಲೇಖನಿಗಳ ಕಟ್ಟನ್ನು ನೋಡಿದರೆ ಬರೆಯಬಲ್ಲವರೊಬ್ಬರು ಕಾಣಿಸುತ್ತಾರೆ, ಪಟ್ಟಿ ಮತ್ತು ಗೊಂಬೆಗಳನ್ನು ನೋಡಿದರೆ ಹೆರಿಗೆಯ ಮನೆಗೆ ಹೋಗಿಬರುವವರು. ಊರಿನ ವೈದ್ಯ ಎಂದರೆ ಸತ್ಯಕ್ಕೆ ಹತ್ತಿರವಾದೀತು ಎಂಬುದು ನನ್ನ ಅನಿಸಿಕೆ. ಆದರೆ ಪೆಟ್ಟಿಗೆಯೂ ಸುತ್ತಲಿನ ವಸ್ತುಗಳೂ ಒಬ್ಬರದೇ ಎನ್ನಲು ಪುರಾವೆ ಸಾಲದು. ಇಂದು ಸುರುಳಿಗಳು ಲಂಡನ್ ಮತ್ತು ಬರ್ಲಿನ್‌ನಲ್ಲಿ, ಗೊಂಬೆ ಮ್ಯಾಂಚೆಸ್ಟರ್‌ನಲ್ಲಿ, ಕಂಚಿನ ನಾಗರ ಕೇಂಬ್ರಿಜ್‌ನಲ್ಲಿವೆ. ಒಡೆಯರ ಹೆಸರು ಮಾತ್ರ ಯಾವುದರ ಮೇಲೂ ಇಲ್ಲ.