ಹಿಂಗಾರಿ ಜೋಳ ಗೆಲ್ಲುವುದು ದೀಪಾವಳಿಯ ಹೊತ್ತಿಗೆ

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರು ಜೋಳ ನೋಡಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಬೆಳಿ ಭಾರಿ ಅದ, ಒಳಗ ಹೊಕ್ಕರ ಮನುಷ್ಯಾ ಕಾಣಂಗಿಲ್ಲ." ದಟ್ಟ ಎಲೆ, ಕಪ್ಪುಹಸಿರು ಬಣ್ಣ, ದಪ್ಪ ದಂಟು ಇದ್ದರೆ ಅದೇ ಒಳ್ಳೆಯ ಪೈರು ಅಂತ ನಂಬಿಕೊಂಡು ಬಂದಿದ್ದೇವೆ. ನೀರಾವರಿ ಹೊಲಕ್ಕೆ ಈ ನಂಬಿಕೆ ಸರಿ. ವಿಜಯಪುರದ ಎರೆ ಹೊಲದ ಹಿಂಗಾರಿ ಜೋಳಕ್ಕೆ ಇದು ಎಷ್ಟೋ ವರ್ಷ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಕಣ್ಣು ತುಂಬುವ ಪೈರು ಜನವರಿಯಲ್ಲಿ ಬುಡದಿಂದ ಒಣಗುತ್ತಾ ಬಂದು, ತೆನೆ ಜೊಳ್ಳಾಗಿ, ಗಾಳಿಗೆ ನೆಲ ಹಿಡಿಯುತ್ತದೆ. "ಬರ ಬಂತು, ಏನು ಮಾಡೋದು" ಅನ್ನುತ್ತೇವೆ. ಆದರೆ ಆ ಪೈರು ಸೋತದ್ದು ಜನವರಿಯಲ್ಲಲ್ಲ, ದೀಪಾವಳಿಯ ಹೊತ್ತಿಗೆ. ಅದು ಹೇಗೆ ಅಂತ ಗೊತ್ತಾದದ್ದು ಇತ್ತೀಚೆಗೆ. ನನ್ನ ಮಟ್ಟಿಗೆ ಬೆಳೆ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಸಂಗತಿ ಕಡಿಮೆ.

ಹಿಂಗಾರಿ ಜೋಳದ ಲೆಕ್ಕವೇ ಬೇರೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಕೂರಿಗೆ ಹೂಡುತ್ತಾರೆ. ಅಷ್ಟರಲ್ಲಿ ಮಳೆ ಮುಗಿಯುತ್ತಾ ಬಂದಿರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್. ಮುಂದಿನ ನಾಲ್ಕು ತಿಂಗಳು ಪೈರು ಬದುಕುವುದು ಮಣ್ಣು ಹಿಡಿದಿಟ್ಟ ನೀರಿನ ಮೇಲೆ. ಒಂದು ಮೀಟರ್ ಆಳದ ಎರೆ ಮಣ್ಣು ಬೇರಿಗೆ ಸಿಗುವಂತೆ ಸುಮಾರು 150ರಿಂದ 200 ಮಿಲಿಮೀಟರ್ ನೀರು ಇಟ್ಟುಕೊಳ್ಳಬಲ್ಲದು. ಡೋಣಿ ನದಿ ಸಾಲಿನ ಆಳವಾದ ಮಣ್ಣು ಇನ್ನೂ ಜಾಸ್ತಿ ಇಟ್ಟುಕೊಳ್ಳುತ್ತದೆ. ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಈ ನೀರು ಹಗೇವಿನಲ್ಲಿ, ಅಂದರೆ ಕಾಳು ಕೂಡಿಡುವ ನೆಲದ ಗುಂಡಿಯಲ್ಲಿ, ತುಂಬಿಟ್ಟ ಜೋಳ ಇದ್ದ ಹಾಗೆ. ಒಮ್ಮೆ ತುಂಬಿ ಬಾಯಿ ಮುಚ್ಚಿದರೆ ಮುಂದಿನ ಸುಗ್ಗಿಯವರೆಗೆ ಹೊಸ ಕಾಳು ಬರುವುದಿಲ್ಲ. ಕಾರ್ತಿಕದಲ್ಲೇ ಕೈಬಿಚ್ಚಿ ತೆಗೆದ ಮನೆ ಬೇಸಿಗೆಯಲ್ಲಿ ಸಾಲಕ್ಕೆ ನಿಲ್ಲುತ್ತದೆ. ಜೋಳಕ್ಕೂ ಇದೇ ಪಾಡು. ಬಿತ್ತಿದ ಮೊದಲ ಐವತ್ತು ದಿನ ಅದು ಎಲೆ, ಮರಿ (ಬುಡದಿಂದ ಒಡೆಯುವ ಪಕ್ಕದ ದಂಟು) ಬೆಳೆಸಲು ನೀರು ಖರ್ಚು ಮಾಡುತ್ತದೆ. ಹೂವಾಡಿದ ಮೇಲೆ ಕಾಳು ಕಟ್ಟಲು ಬೇಕಾದ ನೀರು ಅದೇ ಹಗೇವಿನಿಂದಲೇ ಬರಬೇಕು. ಮೊದಲು ಜಾಸ್ತಿ ತೆಗೆದರೆ ಕೊನೆಗೆ ಕಡಿಮೆ.

ಕೊನೆಗೆ ನೀರು ಸಾಲದಿದ್ದರೆ ಗಿಡ ತನ್ನನ್ನೇ ಕರಗಿಸಿಕೊಳ್ಳುತ್ತದೆ. ಬುಡದ ಎಲೆಯಿಂದ ಶುರು ಮಾಡಿ ಹಸಿರು ಒಡೆದು, ಅದರಲ್ಲಿನ ಸಾರಜನಕವನ್ನು ತೆನೆಗೆ ಸಾಗಿಸುತ್ತದೆ. ದಂಟಿನಲ್ಲಿದ್ದ ಸಕ್ಕರೆಯನ್ನೂ ಹೀರುತ್ತದೆ. ಬಡವಾದ ದಂಟಿಗೆ ಮಣ್ಣಿನಲ್ಲಿ ಕಾದು ಕುಳಿತ ಶಿಲೀಂಧ್ರವೊಂದು ನುಗ್ಗುತ್ತದೆ. ಹೆಸರು ಮ್ಯಾಕ್ರೊಫೋಮಿನಾ. ಬಿದ್ದ ಜೋಳದ ದಂಟನ್ನು ಬುಡದಲ್ಲಿ ಉದ್ದಕ್ಕೆ ಸೀಳಿ ನೋಡಿ. ಒಳಗಿನ ಬೆಂಡು ಕೊಳೆತು ಹೋಗಿ ನಾರಷ್ಟೇ ಉಳಿದಿರುತ್ತದೆ. ನಾರಿನ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಕಣಗಳಿರುತ್ತವೆ. ಗಾಳಿ ಬೀಳಿಸಿತು ಅಂದುಕೊಳ್ಳುತ್ತೇವೆ, ಗಾಳಿ ಬರೀ ಕೊನೆಯ ನೆಪ.

ಕೆಲವು ಜೋಳದ ಗಿಡಗಳು ಮಾತ್ರ ಅದೇ ಹೊಲದಲ್ಲಿ, ಅದೇ ಬಿಸಿಲಲ್ಲಿ ಕಾಳು ಗಟ್ಟಿಯಾಗುವವರೆಗೂ ಮೇಲಿನ ಎಲೆಗಳನ್ನು ಹಸಿರಾಗಿಯೇ ಇಟ್ಟುಕೊಳ್ಳುತ್ತವೆ. ವಿಜ್ಞಾನಿಗಳು ಈ ಗುಣವನ್ನು 'ಸ್ಟೇ ಗ್ರೀನ್' ಅನ್ನುತ್ತಾರೆ. ಹೆಚ್ಚು ಹೆಸರಾದ ಮೂಲ ಇಥಿಯೋಪಿಯಾದ ನಾಟಿ ಜೋಳ. ಅದರಿಂದ ಬಂದ ಬಿ-35 ಅನ್ನುವ ತಳಿಯನ್ನು ಇಟ್ಟುಕೊಂಡು ಈ ಗುಣಕ್ಕೆ ಕಾರಣವಾದ ವರ್ಣತಂತುವಿನ ಜಾಗಗಳನ್ನು ಗುರುತಿಸಿದರು. ಮುಖ್ಯವಾದವು ನಾಲ್ಕು: ಎಸ್‌ಟಿಜಿ-1ರಿಂದ ಎಸ್‌ಟಿಜಿ-4. ಜೋಳದ ಪೂರ್ತಿ ಜೀನೋಮ್, ಅಂದರೆ ಸುಮಾರು 73 ಕೋಟಿ ಡಿಎನ್‌ಎ ಅಕ್ಷರಗಳ ಪಠ್ಯ, 2009ರಲ್ಲಿ ಪ್ರಕಟವಾದ ಮೇಲೆ ಈ ಹುಡುಕಾಟ ಸಲೀಸಾಯಿತು.

ಮೊದಮೊದಲು ಎಲ್ಲರ ಊಹೆ ಒಂದೇ ಇತ್ತು. ಈ ಎಲೆಗಳಲ್ಲೇ ಏನೋ ಶಕ್ತಿ ಇದೆ, ಅವು ಬರವನ್ನು ತಡೆದುಕೊಳ್ಳುತ್ತವೆ ಅಂತ. ಆದರೆ ಹೆಚ್ಚಿನ ಕಥೆ ಇದ್ದದ್ದು ಹೂವಾಡುವ ಮೊದಲೇ. ಈ ಜಾಗಗಳನ್ನು ಹೊತ್ತ ಗಿಡಗಳು ಮರಿ ಕಡಿಮೆ ಒಡೆಯುತ್ತವೆ, ಮೇಲಿನ ಎಲೆಗಳನ್ನು ಸ್ವಲ್ಪ ಚಿಕ್ಕದಾಗಿ ಬಿಡುತ್ತವೆ. ಎಲೆಯ ಹರವು ಕಡಿಮೆ, ಆದ್ದರಿಂದ ಆರಿಹೋಗುವ ನೀರೂ ಕಡಿಮೆ. ಹೂವಾಡುವ ಹೊತ್ತಿಗೆ ಅವುಗಳ ಬುಡದಲ್ಲಿ ಪಕ್ಕದ ಗಿಡಕ್ಕಿಂತ ಜಾಸ್ತಿ ನೀರು ಉಳಿದಿರುತ್ತದೆ. ಜನವರಿಯ ಹಸಿರು ಬಹುಪಾಲು ಅಕ್ಟೋಬರ್-ನವೆಂಬರಿನ ಉಳಿತಾಯದ ಫಲ.

ಇದನ್ನು ತೂಕ ಹಾಕಿಯೇ ನೋಡಿದ್ದಾರೆ. ಹೈದರಾಬಾದ್ ಹತ್ತಿರದ ಪಟಂಚೇರುವಿನ ಇಕ್ರಿಸ್ಯಾಟ್ ಅನ್ನುವ ಒಣನಾಡಿನ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಉದ್ದನೆಯ ಪಿವಿಸಿ ಕೊಳವೆಗಳಿಗೆ ಮಣ್ಣು ತುಂಬಿ, ನೆಲದ ಗುಂಡಿಯಲ್ಲಿ ಸಾಲಾಗಿ ನಿಲ್ಲಿಸಿ, ಜೋಳ ಬೆಳೆಸುತ್ತಾರೆ. ಆಗಾಗ ಕೊಳವೆಯನ್ನು ಎತ್ತಿ ತೂಗುತ್ತಾರೆ. ಮಣ್ಣಿನ ಮೇಲ್ಮೈ ಮುಚ್ಚಿರುವುದರಿಂದ ತೂಕ ಎಷ್ಟು ಇಳಿಯಿತೋ ಅಷ್ಟು ನೀರನ್ನು ಗಿಡ ಕುಡಿದಿದೆ ಅಂತ ಲೆಕ್ಕ. ಅಲ್ಲಿ ಇನ್ನೊಂದು ಗುಣವೂ ಕಂಡಿತು. ಕೆಲವು ತಳಿಗಳು ನಡುಮಧ್ಯಾಹ್ನ ಗಾಳಿ ತೀರಾ ಒಣಗಿದಾಗ ಎಲೆಯ ರಂಧ್ರಗಳನ್ನು ಅರ್ಧಂಬರ್ಧ ಮುಚ್ಚಿಕೊಳ್ಳುತ್ತವೆ. ಬೆಳಗಿನ ತಂಪಿನಲ್ಲಿ ಆಹಾರ ತಯಾರಿಸಿ, ದುಬಾರಿ ಹೊತ್ತಿನಲ್ಲಿ ಸುಮ್ಮನಿರುತ್ತವೆ. ಹವಾಮಾನ ಬದಲಾಗುತ್ತಿರುವಾಗ ಈ ಗುಣಕ್ಕೆ ಬೆಲೆ ಜಾಸ್ತಿ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅಂದರೆ ಒಣ ಗಾಳಿ ಎಲೆಯಿಂದ ನೀರನ್ನು ಇನ್ನೂ ಜೋರಾಗಿ ಎಳೆಯುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳಲೇಬೇಕು. 1876-78ರ ಬರದಲ್ಲಿ ಇಂದಿನ ವಿಜಯಪುರ, ಬಾಗಲಕೋಟೆ ಎರಡೂ ಕಲಾದಗಿ ಜಿಲ್ಲೆಯಲ್ಲಿದ್ದವು. 1881ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 1872ಕ್ಕಿಂತ ಕಡಿಮೆಯಾಗಿತ್ತು. ಬರಬಿದ್ದ ನಾಡಿಗೆ ಒಣಬೇಸಾಯದ ಸಂಶೋಧನೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ, 1930ರ ದಶಕದಲ್ಲಿ, ಸೊಲ್ಲಾಪುರ ಮತ್ತು ವಿಜಯಪುರದಲ್ಲಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಅದೇ ದಶಕದಲ್ಲಿ ನಾಟಿ ಮಾಲದಂಡಿ ಜೋಳದಿಂದ ಆರಿಸಿದ ತಳಿ ಎಂ 35-1. ಸುಮಾರು ತೊಂಬತ್ತು ವರ್ಷವಾದರೂ ರೈತರು ಅದನ್ನು ಬಿಟ್ಟಿಲ್ಲ. ಕಾಳು ಮುತ್ತಿನಂತೆ, ರೊಟ್ಟಿ ಬಿರಿಯುವುದಿಲ್ಲ, ಕಣಿಕೆ ದನಕ್ಕೆ ಇಷ್ಟ.

ಹೊಸ ಗುಣ ತರುವುದು ಕಷ್ಟವಾಗುವುದೂ ಇದರಿಂದಲೇ: ರೈತ ಮೆಚ್ಚಿದ ಈ ಗುಣಗಳು ಕಳೆದುಹೋಗಬಾರದು. ಇಥಿಯೋಪಿಯಾದ ಮೂಲದ ತಳಿಯೊಂದಿಗೆ ನಮ್ಮ ತಳಿ ಸೇರಿಸಿದರೆ ಮಕ್ಕಳಲ್ಲಿ ಅರ್ಧ ಅದರದ್ದು. ಮತ್ತೆ ಮತ್ತೆ ನಮ್ಮ ತಳಿಗೇ ಸೇರಿಸುತ್ತಾ ಹೋದರೆ ಮುಕ್ಕಾಲು, ಎಂಟರಲ್ಲಿ ಏಳು, ಹದಿನಾರರಲ್ಲಿ ಹದಿನೈದು ಪಾಲು ನಮ್ಮದಾಗುತ್ತದೆ. ಪ್ರತಿ ತಲೆಮಾರಿನಲ್ಲೂ ಬೇಕಾದ ತುಣುಕು ಉಳಿದಿದೆಯೇ ಅಂತ ತಿಳಿಯುವುದು ಹೇಗೆ? ಹಿಂದೆ ಬರಕ್ಕೆ ಕಾಯಬೇಕಿತ್ತು. ನವೆಂಬರಿನಲ್ಲಿ ಚಂಡಮಾರುತದ ಮಳೆ ಬಿದ್ದರೆ ಆ ವರ್ಷದ ಪರೀಕ್ಷೆಯೇ ಹಾಳು. ಈಗ ಎಳೆ ಸಸಿಯ ಎಲೆಯ ಚೂರು ಸಾಕು. ಅದರ ಡಿಎನ್‌ಎಯಲ್ಲಿ ಆ ಜಾಗದ ಗುರುತು ಇದೆಯೇ ಅಂತ ನೋಡಿ, ಇದ್ದವನ್ನು ಮಾತ್ರ ಬೆಳೆಸುತ್ತಾರೆ. ಇಕ್ರಿಸ್ಯಾಟ್‌ನಲ್ಲಿ ಆರ್-16, ಎಸ್-35 ತಳಿಗಳಿಗೆ ಈ ಗುಣದ ತುಣುಕುಗಳನ್ನು ಸೇರಿಸಿದ್ದು ಹೀಗೆಯೇ.

ಜೈವಿಕ ತಂತ್ರಜ್ಞಾನ ಅಂದ ಕೂಡಲೇ ಕುಲಾಂತರಿ (ಪ್ರಯೋಗಾಲಯದಲ್ಲಿ ಹೊರಗಿನ ಜೀನ್ ಸೇರಿಸಿದ್ದು) ಅಂತ ಬೆಚ್ಚುವವರು ಇದನ್ನು ಗಮನಿಸಬೇಕು. ಇಲ್ಲಿ ಜೋಳಕ್ಕೆ ಜೋಳದ್ದೇ ಗುಣ ಬಂದಿದೆ, ಹೂವಿಗೆ ಹೂವಿನ ಪರಾಗ ತಾಗಿಸಿ. ಪ್ರಯೋಗಾಲಯ ಮಾಡಿದ್ದು ಆರಿಸುವ ಕೆಲಸ ಮಾತ್ರ. ನಮ್ಮ ದೇಶದಲ್ಲಿ ರೈತರು ವಾಣಿಜ್ಯವಾಗಿ ಬೆಳೆಯುವ ಕುಲಾಂತರಿ ಬೆಳೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ ಒಂದೇ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಹೆದರಿಸುವುದರಿಂದ ಕೆಡುವುದು ರೈತನದೇ. ಇನ್ನೊಂದು ಕಡೆ, 'ಬರ ತಡೆಯುತ್ತದೆ' ಅಂತ ಬಾಟಲಿ ಟಾನಿಕ್ ಮಾರುವವರು. ಖಾಲಿಯಾದ ಮಣ್ಣಿಗೆ ಯಾವ ಬಾಟಲಿಯೂ ನೀರು ತುಂಬುವುದಿಲ್ಲ.

ತಳಿಯೂ ತುಂಬುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಉಳಿಸುವ ಗುಣ ಕೆಲಸಕ್ಕೆ ಬರುವುದು ಉಳಿಸಲು ಏನಾದರೂ ಇದ್ದಾಗ. ಆಗಸ್ಟ್-ಸೆಪ್ಟೆಂಬರಿನ ಮಳೆ ನಾಲ್ಕು ದಿನದಲ್ಲಿ ಸುರಿದು ಹಳ್ಳ ಸೇರಿದರೆ ಯಾವ ಜೀನೂ ನೆರವಿಗೆ ಬಾರದು. ಅದಕ್ಕೇ ಬಿತ್ತುವ ಮೊದಲು ಹೊಲದಲ್ಲಿ ಸಣ್ಣ ಸಣ್ಣ ಚೌಕು ಮಡಿ ಕಟ್ಟಿ ಮಳೆಯನ್ನು ಇದ್ದಲ್ಲೇ ಇಂಗಿಸುವುದು. ಬಿರುಕು ಬಿಟ್ಟಾಗ ಎಡೆ ಹೊಡೆದು ಮುಚ್ಚುವುದೂ ಹಗೇವಿನ ಬಾಯಿ ಮುಚ್ಚುವ ಕೆಲಸವೇ. ಒಣ ಹೊಲಕ್ಕೆ ಯೂರಿಯಾ ಜಾಸ್ತಿ ಸುರಿದರೆ ಎಲೆ ಉಕ್ಕುತ್ತದೆ, ನೀರು ಬೇಗ ಮುಗಿಯುತ್ತದೆ.

ಹಾಗಾಗಿ ಬೀಜ ಕೊಳ್ಳುವ ಮೊದಲು ಹೊಲದಲ್ಲಿ ಎರಡು ಮೂರು ಕಡೆ ಗುಂಡಿ ತೋಡಿ, ಮರಡಿ (ಮಣ್ಣಿನ ಕೆಳಗಿನ ಗಟ್ಟಿ ಗರಸು) ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಮಣ್ಣು ತೆಳುವಾಗಿದ್ದರೆ ಫುಲೆ ಅನುರಾಧಾದಂಥ ಬೇಗ ಬರುವ ತಳಿ. ಮಧ್ಯಮ ಮಣ್ಣಿಗೆ ಎಂ 35-1. ಆಳವಾದ ಎರೆಗೆ ಫುಲೆ ವಸುಧಾ ಅಥವಾ ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದಿಂದಲೇ ಬಂದ ಬಿಜೆವಿ-44 ಕೇಳಿ.