ನೀರು ಇಳಿದರೆ ದೋಣಿ ಏರುತ್ತದೆ

ಇಂಗ್ಲೆಂಡಿನ ವೂಸ್ಟರ್ ಪಟ್ಟಣದಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗುವ ಕಾಲುವೆ ಟಾರ್ಡೆಬಿಗ್ ಎಂಬ ಹಳ್ಳಿಯ ಹತ್ತಿರ ಒಂದು ದಿಣ್ಣೆ ಹತ್ತಬೇಕು. ಮೂರೂವರೆ ಕಿಲೋಮೀಟರ್ ದಾರಿಯಲ್ಲಿ 67 ಮೀಟರ್ ಏರು, ಅದಕ್ಕೆ ದೋಣಿಯನ್ನು ಎತ್ತಿ ಇಳಿಸುವ ತೊಟ್ಟಿಗಳಾದ 30 ಲಾಕ್‌ಗಳು. ಬ್ರಿಟನ್ನಿನಲ್ಲಿ ಇದಕ್ಕಿಂತ ಉದ್ದದ ಲಾಕ್ ಸಾಲು ಇನ್ನೊಂದಿಲ್ಲ. ನಡೆದು ಹೋದರೆ ಒಂದು ಗಂಟೆಯೂ ಬೇಡ. ಬೆಳಗಿನ ತಿಂಡಿ ಮುಗಿಸಿ ದೋಣಿಯಲ್ಲಿ ಹೊರಟವರು ಮೇಲೆ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತದೆ.

ಈ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಸುಮಾರು 2 ಮೀಟರ್ ಅಗಲದ, ಉದ್ದನೆಯ ಉಕ್ಕಿನ ದೋಣಿ. 17 ಮೀಟರ್ ಉದ್ದದ್ದಾದರೆ ತೂಕವೂ ಹೆಚ್ಚುಕಡಿಮೆ ಅಷ್ಟೇ ಟನ್. ಅದನ್ನು ಗುಡ್ಡದ ಮೇಲಕ್ಕೆ ಎತ್ತುವುದು ಡೀಸೆಲ್ ಇಂಜಿನ್ ಅಲ್ಲ, ಮೇಲಿನಿಂದ ಇಳಿದು ಬರುವ ನೀರು. ಇಂಜಿನ್ನಿಗೆ ದೋಣಿಯನ್ನು ಮುಂದಕ್ಕೆ ತಳ್ಳುವುದಷ್ಟೇ ಕೆಲಸ. ಕಾಲುವೆ ಸುಡುವ ಇಂಧನ ನೀರೇ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ, ಇಲ್ಲಿನ ದೋಣಿಗಳು ಯಾಕೆ ಇಷ್ಟು ಸಪೂರ, ಯಾಕೆ ಇಷ್ಟು ನಿಧಾನ, ದೋಣಿಯವರು ಯಾಕೆ ಒಬ್ಬರಿಗೊಬ್ಬರು ಕಾಯುತ್ತಾರೆ ಎನ್ನುವುದೆಲ್ಲ ಒಂದೇ ಎಳೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ, ಇಟ್ಟಿಗೆ ಕಲ್ಲಿನಲ್ಲಿ ಕಟ್ಟಿದ ಉದ್ದನೆಯ ತೊಟ್ಟಿ. ದೋಣಿ ಕೆಳಗಿನಿಂದ ಒಳಗೆ ಬರುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತಾರೆ. ಒಬ್ಬರು ದಡದಲ್ಲಿ ನಿಂತು, ವಿಂಡ್ಲಾಸ್ ಎಂಬ ಬಾಗಿದ ಕಬ್ಬಿಣದ ಹಿಡಿಯನ್ನು ಗಿಯರಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಕಟಕಟ ಸದ್ದಿನೊಂದಿಗೆ ನೀರಿನಡಿಯ ಹಲಗೆ ಮೇಲೇಳುತ್ತದೆ. ನಮ್ಮ ಕೆರೆಗಳ ತೂಬಿನ ಹಾಗೆಯೇ ಇದರ ಕೆಲಸ. ಮೇಲಿನ ನೀರು ನೊರೆಯೆಬ್ಬಿಸುತ್ತ ಒಳಗೆ ನುಗ್ಗುತ್ತದೆ, ದೋಣಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಗ್ಗುತ್ತದೆ, ಪಾಚಿಗಟ್ಟಿದ ಒದ್ದೆ ಗೋಡೆ ಕಣ್ಣೆದುರೇ ಕೆಳಗೆ ಸರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಎರಡು ಮೀಟರಿಗೂ ಮಿಕ್ಕಿ ಏರಿರುತ್ತೀರಿ.

ಈಗ ಬಾಗಿಲು ತೆರೆಯಬೇಕು. ಬೆನ್ನು ಕೊಟ್ಟು ಎಷ್ಟು ತಳ್ಳಿದರೂ ಅದು ಅಲುಗುವುದಿಲ್ಲ. ನೋಡಲು ಎರಡೂ ಕಡೆಯ ನೀರು ಸಮವಾಗಿದೆ. ಆದರೆ ಎರಡೇ ಸೆಂಟಿಮೀಟರ್ ವ್ಯತ್ಯಾಸ ಉಳಿದಿದ್ದರೂ ಸಾಕು, ಸುಮಾರು ಎರಡು ಮೀಟರ್ ಅಗಲದ, ನೀರಿನಲ್ಲಿ ಒಂದೂವರೆ ಮೀಟರ್ ಮುಳುಗಿದ ಬಾಗಿಲಿನ ಮೇಲೆ 60 ಕೆ.ಜಿ. ಭಾರದಷ್ಟು ಬಲ ಬೀಳುತ್ತದೆ. ಅರ್ಧ ನಿಮಿಷ ಕಾದರೆ ಅದೇ ಬಾಗಿಲು ಒಬ್ಬರು ಒರಗಿದರೂ ತೆರೆದುಕೊಳ್ಳುತ್ತದೆ. ಕೆಳಗಿನ ತುದಿಯಲ್ಲಿರುವುದು ಜೋಡಿ ಬಾಗಿಲು. ಲಾಕ್ ತುಂಬಿದಾಗ ಅವುಗಳ ಮೇಲೆ ಬೀಳುವ ಬಲ ಹತ್ತು ಟನ್ ಭಾರಕ್ಕೆ ಸಮ. ಅವನ್ನು ಹಿಡಿದಿಡಲು ಚಿಲಕವಿಲ್ಲ, ಅಗುಳಿಯಿಲ್ಲ. ಎರಡು ಬಾಗಿಲುಗಳೂ ನೀರಿನ ಕಡೆಗೆ ಮೊನೆ ಮಾಡಿಕೊಂಡು ಕೂಡುತ್ತವೆ. ನೀರು ತಳ್ಳಿದಷ್ಟೂ ಅವು ಒಂದನ್ನೊಂದು ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಲಿಯೊನಾರ್ಡೊ ಡ ವಿಂಚಿ ಇಂಥ ಬಾಗಿಲಿನ ಚಿತ್ರ ಬರೆದಿಟ್ಟಿದ್ದಾನೆ. ಐನೂರು ವರ್ಷ ಕಳೆದರೂ ಇದಕ್ಕಿಂತ ಸರಳವಾದದ್ದು ಬೇಕಾಗಿಲ್ಲ ಎನ್ನುವುದು ನನಗೆ ಇಂದಿಗೂ ಬೆರಗಿನ ವಿಷಯ.

ಇನ್ನು ಖರ್ಚಿನ ಲೆಕ್ಕ. ಲಾಕ್ 22 ಮೀಟರ್ ಉದ್ದ, 2.1 ಮೀಟರ್ ಅಗಲ, ಏರು 2.2 ಮೀಟರ್. ಗುಣಿಸಿದರೆ ಸುಮಾರು 1 ಲಕ್ಷ ಲೀಟರ್. ಒಳಗೆ ದೋಣಿ ಇರಲಿ ಬಿಡಲಿ, ಅದು ಖಾಲಿಯಿರಲಿ ಕಲ್ಲಿದ್ದಲು ತುಂಬಿರಲಿ, ಲಾಕ್ ತುಂಬಲು ಬೇಕಾದ ನೀರು ಅಷ್ಟೇ. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿಕೊಂಡಿರುತ್ತದೆ; ಮಟ್ಟ ಏರಿದಾಗ ಅದೂ ಜೊತೆಗೆ ಏರುತ್ತದೆ. ತೂಕ ಲೆಕ್ಕಕ್ಕೆ ಬರುವುದು ದೋಣಿ ಲಾಕ್‌ನಿಂದ ಹೊರಟಾಗ. ಅದು ಬಿಟ್ಟುಹೋದ ಜಾಗವನ್ನು ತುಂಬಲು 17 ಟನ್ ನೀರು ಮೇಲಿನ ಕಾಲುವೆಯಿಂದ ಹಿಂದಕ್ಕೆ ಹರಿದು ಬರುತ್ತದೆ. ದೋಣಿ ಇಳಿಯುವಾಗ ಇದು ತಿರುಗುಮುರುಗಾಗಿ, ಅಷ್ಟು ನೀರು ಮೇಲೆಯೇ ಉಳಿಯುತ್ತದೆ.

ಮೂವತ್ತು ಲಾಕ್‌ಗೆ ಮೂವತ್ತು ಲಕ್ಷ ಲೀಟರ್ ಬೇಕೇ? ಬೇಡ. ಒಂದು ಲಾಕ್ ಬಿಟ್ಟುಕೊಟ್ಟ ನೀರನ್ನೇ ಅದರ ಕೆಳಗಿನದು ಬಳಸುತ್ತದೆ. ಬೆಟ್ಟದ ತುದಿಯಿಂದ ಹೋಗುವುದು ಒಂದು ಲಾಕ್‌ನಷ್ಟು ಮಾತ್ರ. ಟಾರ್ಡೆಬಿಗ್‌ನಲ್ಲಿ ತುತ್ತತುದಿಯ ಲಾಕ್ ಉಳಿದವುಗಳಿಗಿಂತ ಬಹಳ ಆಳ. ಮೊದಲು ಅಲ್ಲಿ ದೋಣಿಯನ್ನೇ ಮೇಲೆತ್ತುವ ಯಂತ್ರವನ್ನು ಪರೀಕ್ಷೆಗೆ ನಿಲ್ಲಿಸಿದ್ದರು. ಅದು ಬಾಳದೆ ಆ ಜಾಗಕ್ಕೆ ಈ ಲಾಕ್ ಬಂತು. ಆಳ ಹೆಚ್ಚಾದ್ದರಿಂದ ಅದು ಕುಡಿಯುವ ನೀರೂ ಹೆಚ್ಚು. ಕೆಳಗಿನ ಚಿಕ್ಕ ಲಾಕ್‌ಗೆ ಅಷ್ಟು ಬೇಕಾಗುವುದಿಲ್ಲ, ಮಿಕ್ಕಿದ್ದು ಕೋಡಿ ಬಿದ್ದು ಹೋಗುತ್ತದೆ. ಇಲ್ಲಿನ ಜಲಾಶಯವೂ ಗುಡ್ಡದ ನೆತ್ತಿಗಿಂತ ಕೆಳಗಿದೆ. ಹೀಗಾಗಿ ಉಗಿಯಂತ್ರ ಕೂರಿಸಿ ನೀರನ್ನು ಮೇಲಕ್ಕೆ ಪಂಪ್ ಮಾಡಬೇಕಾಯಿತು.

ದೋಣಿ ಸಪೂರವಾದದ್ದೂ ಇದರಿಂದಲೇ. ಜೇಮ್ಸ್ ಬ್ರಿಂಡ್ಲಿ 1761ರಲ್ಲಿ ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ತಂದ ಬ್ರಿಜ್‌ವಾಟರ್ ಕಾಲುವೆಯ ಇಂಜಿನಿಯರ್. ಮುಂದೆ ನಡುನಾಡಿನ ಗುಡ್ಡಗಳನ್ನು ದಾಟುವಾಗ ಅವನು ಏಳಡಿಯ ಲಾಕ್ ಸಾಕೆಂದು ನಿರ್ಧರಿಸಿದ. ಅಗಲ ಅರ್ಧವಾದರೆ ನೀರೂ ಅರ್ಧ, ಕಟ್ಟುವ ಖರ್ಚೂ ಕಡಿಮೆ. ಅಂಥ ದೋಣಿಯಲ್ಲೂ 25 ಟನ್ ಸರಕು ಹಿಡಿಯುತ್ತಿತ್ತು, ಒಂದೇ ಕುದುರೆ ಎಳೆಯುತ್ತಿತ್ತು. ವೂಸ್ಟರ್ ಕಾಲುವೆಯನ್ನು ಮೊದಲು ಅಗಲದ ದೋಣಿಗಳಿಗೆಂದೇ ಯೋಚಿಸಿದ್ದರು. ದುಡ್ಡು ಕರಗುತ್ತ ಬಂದಂತೆ ಲಾಕ್‌ಗಳು ಕಿರಿದಾದವು. ಮೊದಲೇ ಕೊರೆದಿದ್ದ ಸುರಂಗಗಳು ಮಾತ್ರ ಈಗಲೂ ಎರಡು ನ್ಯಾರೋಬೋಟ್ ಪಕ್ಕಪಕ್ಕ ಹೋಗುವಷ್ಟು ಅಗಲವಾಗಿವೆ. ಹಾಗೆ ಕೂಡಿಸಿದ ನೀರು ಇಂಗಿಹೋಗದಂತೆ ತಳಕ್ಕೆ ಜೇಡಿಮಣ್ಣನ್ನು ನೀರು ಹಾಕಿ ತುಳಿದು, ಗಾಳಿಯೆಲ್ಲ ಹೊರಟುಹೋಗುವವರೆಗೆ ಮಿದ್ದು ಹಾಸುತ್ತಿದ್ದರು. ಒದ್ದೆಯಾಗಿರುವವರೆಗೂ ಅದರಿಂದ ನೀರು ಸೋರುವುದು ಅತ್ಯಲ್ಪ. ಒಣಗಿದರೆ ಬಿರುಕು ಬಿಡುತ್ತದೆ.

ಕಿರಿದಾದ, ಆಳವಿಲ್ಲದ ಕಾಲುವೆಯಲ್ಲಿ ವೇಗವೂ ದಕ್ಕುವುದಿಲ್ಲ. ದೋಣಿ ಮುಂದೆ ಹೋದಷ್ಟು ನೀರು ಅದರ ಇಕ್ಕೆಲಗಳಿಂದ ಹಿಂದಕ್ಕೆ ಹರಿಯಬೇಕು. ಜಾಗ ಇಕ್ಕಟ್ಟಾದ್ದರಿಂದ ಆ ನೀರಿನ ವೇಗ ಹೆಚ್ಚುತ್ತದೆ, ಮಟ್ಟ ತಗ್ಗುತ್ತದೆ, ದೋಣಿಯ ಹಿಂಭಾಗ ತಳದತ್ತ ಕುಸಿಯುತ್ತದೆ. ಸೇತುವೆಯ ಕೆಳಗೆ ಕಾಲುವೆ ಇನ್ನೂ ಕಿರಿದಾದಾಗ ಇಂಜಿನ್ ಸದ್ದು ಭಾರವಾಗುವುದು ಕಿವಿಗೇ ತಿಳಿಯುತ್ತದೆ. ಗಂಟೆಗೆ ಸುಮಾರು 6.4 ಕಿಲೋಮೀಟರ್ ಮಿತಿ. ಅಲೆ ದಡಕ್ಕೆ ಬಡಿದು ಒಡೆಯುತ್ತಿದ್ದರೆ ಅದೂ ಜಾಸ್ತಿಯೇ. 1834ರಲ್ಲಿ ಸ್ಕಾಟ್ಲೆಂಡಿನ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಂತಿತು. ಅದರ ಮುಂದೆ ಗುಡ್ಡೆಗಟ್ಟಿದ್ದ ನೀರು ಮಾತ್ರ ನಿಲ್ಲಲಿಲ್ಲ. ಆಕಾರ ಕೆಡದ ಒಂಟಿ ಅಲೆಯಾಗಿ ಮುಂದೆ ಸಾಗಿತು. ಅದನ್ನು ನೋಡುತ್ತಿದ್ದ ಇಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆಯೇರಿ ಅದನ್ನು ಎರಡು ಮೂರು ಕಿಲೋಮೀಟರ್ ಹಿಂಬಾಲಿಸಿದ. ಇಂದು ಸಾಲಿಟಾನ್ ಎಂದು ಕರೆಯುವ ಆ ಅಲೆಯ ಗಣಿತ ಆಪ್ಟಿಕಲ್ ಫೈಬರಿನ ಬೆಳಕಿಗೂ ಹೊಂದುತ್ತದೆ.

ಲಾಕ್ ಬಳಿಯ ಶಿಷ್ಟಾಚಾರಕ್ಕೂ ನೀರೇ ಮೂಲ. ಮೇಲೇರುವವರಿಗೆ ಮುಂದಿನ ಲಾಕ್ ತುಂಬಿಕೊಂಡಿರುವುದು ಕಂಡಿತು ಎನ್ನಿ. ತಕ್ಷಣ ಅದನ್ನು ಖಾಲಿ ಮಾಡಿ ಒಳನುಗ್ಗಬಾರದು. ವಿಂಡ್ಲಾಸ್ ಹಿಡಿದವರು ಮುಂದೆ ನಡೆದುಹೋಗಿ, ಎದುರಿನಿಂದ ಯಾರಾದರೂ ಇಳಿದು ಬರುತ್ತಿದ್ದಾರೆಯೇ ನೋಡಬೇಕು. ಬರುತ್ತಿದ್ದರೆ ಆ ತುಂಬಿದ ಲಾಕ್ ಅವರದ್ದು. ಅವರು ಇಳಿದಾಗ ಅದು ಇವರಿಗೆ ತಾನಾಗಿ ಖಾಲಿಯಾಗುತ್ತದೆ. ಒಂದು ಲಾಕ್ ನೀರಿನಲ್ಲಿ ಎರಡು ದೋಣಿಗಳ ಕೆಲಸ. ಇಷ್ಟು ಜತನ ಬೇಕೇ ಎಂದು ಕೇಳುವವರು 2025ರ ಬೇಸಿಗೆಯನ್ನು ನೆನೆಯಬೇಕು. ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಾಗ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಉದ್ದನೆಯ ಭಾಗವನ್ನೇ ದೋಣಿಗಳಿಗೆ ಮುಚ್ಚಬೇಕಾಯಿತು.

ಟಾರ್ಡೆಬಿಗ್‌ನ ತುದಿ ಮುಟ್ಟಿದ ಮೇಲೆ ಬರ್ಮಿಂಗ್‌ಹ್ಯಾಮ್‌ವರೆಗೆ 22 ಕಿಲೋಮೀಟರಿನಷ್ಟು ದೂರ ಒಂದೂ ಲಾಕ್ ಹತ್ತಬೇಕಿಲ್ಲ. ಊರೊಳಗೆ ಈ ಕಾಲುವೆ ಹಳೆಯ ಬರ್ಮಿಂಗ್‌ಹ್ಯಾಮ್ ಕಾಲುವೆಯನ್ನು ಸೇರುತ್ತದೆ. ಹೊಸಬರು ತಮ್ಮ ನೀರು ಕದ್ದಾರೆಂದು ಆ ಹಳೆಯ ಕಾಲುವೆಯ ಕಂಪನಿ ಎರಡು ಕಾಲುವೆಗಳ ನಡುವೆ ಎರಡು ಮೀಟರಿಗೂ ಮಿಕ್ಕಿ ದಪ್ಪದ ಅಡ್ಡಗೋಡೆಯನ್ನು ಇರಿಸಿಕೊಂಡಿತ್ತು. ಕೂಲಿಗಳು ಪ್ರತಿ ಮೂಟೆಯನ್ನೂ ಒಂದು ದೋಣಿಯಿಂದ ಇಳಿಸಿ, ಗೋಡೆ ದಾಟಿಸಿ, ಆಚೆಯ ದೋಣಿಗೆ ಹೇರಬೇಕಿತ್ತು. ನಡುವೆ ಒಂದು ಲಾಕ್ ಕೂರಿಸಲು ಒಪ್ಪಿಗೆ ಸಿಕ್ಕಿದ್ದು 1815ರಲ್ಲಿ, ವೂಸ್ಟರ್ ಕಾಲುವೆ ಪೂರ್ತಿಯಾದ ವರ್ಷವೇ. ಈಗ ದೋಣಿಗಳು ಅಲ್ಲಿ ತಡೆಯಿಲ್ಲದೆ ದಾಟುತ್ತವೆ. ಗೋಡೆಯನ್ನು ಕೆಡವಿಲ್ಲ, ಅದರ ಎರಡೂ ಬದಿಗೆ ದೋಣಿ ಕಟ್ಟುತ್ತಾರೆ.